ಮೇಣದಬತ್ತಿ ಆರಿತು, ನೀರು ಏರಿತು: ನಮ್ಮ ಮನೆ ಗುಂಪಿನ ಭಾನುವಾರದ ವಾದ

(ವಾಟ್ಸಾಪ್ ಗುಂಪು: ದಾವಣಗೆರೆ ದೊಡ್ಡಮನೆ)

ದೊಡ್ಡಪ್ಪ: ಈ ವಿಡಿಯೊ ಎಲ್ಲರೂ ನೋಡಿ. ಹಳ್ಳಿ ಶಾಲೆ ಮೇಷ್ಟ್ರು ಎಷ್ಟು ಚೆನ್ನಾಗಿ ಪಾಠ ಮಾಡಿದ್ದಾರೆ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ಆಕ್ಸಿಜನ್ ಖಾಲಿಯಾದ ಜಾಗಕ್ಕೆ ನೀರು ಬಂತು ಅಂತ ಎರಡೇ ಮಾತಲ್ಲಿ ಹೇಳಿಬಿಟ್ಟರು.

ಚಿಕ್ಕಮ್ಮ: ತುಂಬಾ ಚೆನ್ನಾಗಿದೆ ಭಾವ. ನಮಗೆ ಬೋರ್ಡ್ ಮೇಲೆ ಚಿತ್ರ ಬರೆದು ಮುಗಿಸುತ್ತಿದ್ದರು. ಇವತ್ತು ಅರ್ಥ ಆಯ್ತು.

ಅಕ್ಕ: ನಮ್ಮ ಮಗಳಿಗೂ ತೋರಿಸಿದೆ. ಮೂರು ಸಲ ಹಾಕಿಸಿಕೊಂಡು ನೋಡಿದಳು.

ನಾನು: ದೊಡ್ಡಪ್ಪ, ಮೇಷ್ಟ್ರು ಪ್ರಯೋಗ ಮಾಡಿ ತೋರಿಸಿದ್ದು ನನಗೂ ಬಹಳ ಇಷ್ಟವಾಯಿತು. ಮಕ್ಕಳ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೆ ಅವರು ಕೊಟ್ಟ ಕಾರಣ ಸರಿಯಿಲ್ಲ. ನೀರು ಏರಲು ಮುಖ್ಯ ಕಾರಣ ಆಕ್ಸಿಜನ್ ಖಾಲಿಯಾದದ್ದಲ್ಲ. ಬಿಸಿಯಾಗಿದ್ದ ಗಾಳಿ ತಣ್ಣಗಾದದ್ದು.

ದೊಡ್ಡಪ್ಪ: ಅಷ್ಟು ಸಲೀಸಾಗಿ ಸರಿಯಿಲ್ಲ ಅನ್ನಬೇಡ ಪುಟ್ಟಿ. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಕ್ಸಿಜನ್. ಲೋಟದಲ್ಲಿ ನೀರು ಏರಿದ್ದೂ ಹೆಚ್ಚುಕಮ್ಮಿ ಅಷ್ಟೇ. ಲೆಕ್ಕ ಕೂಡಿತಲ್ಲ?

ನಾನು: ಲೆಕ್ಕ ಕೂಡಿದ ಹಾಗೆ ಕಾಣುತ್ತದೆ, ಅದಕ್ಕೇ ಈ ವಿವರಣೆ ಇಷ್ಟು ವರ್ಷ ಉಳಿದುಕೊಂಡಿದೆ. ವಿಡಿಯೊ ಇನ್ನೊಂದು ಸಲ ಹಾಕಿ. ಈ ಸಲ ಜ್ವಾಲೆ ನೋಡಬೇಡಿ, ನೀರನ್ನು ಮಾತ್ರ ನೋಡಿ. ಬತ್ತಿ ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚೇನೂ ಅಲುಗಾಡುವುದಿಲ್ಲ. ಆಕ್ಸಿಜನ್ ಖರ್ಚಾಗುವುದು ಆ ಹೊತ್ತಿನಲ್ಲೇ ಅಲ್ವಾ? ಹಾಗಿದ್ದರೆ ನೀರು ಆಗಲೇ ಸ್ವಲ್ಪ ಸ್ವಲ್ಪ ಏರುತ್ತಾ ಬರಬೇಕಿತ್ತು. ಜ್ವಾಲೆ ಕುಗ್ಗಿ ಆರಿದ ಮೇಲೇ ನೀರು ಸರ್ರನೆ ಏರುತ್ತದೆ. ಆರಿದ ಮೇಲೆ ಆಕ್ಸಿಜನ್ ಖರ್ಚು ಮಾಡುವವರು ಯಾರೂ ಇಲ್ಲ.

ದೊಡ್ಡಪ್ಪ: ಹೂಂ. ನೋಡಿದೆ. ಕೊನೆಗೇ ಏರುತ್ತದೆ, ಒಪ್ಪಿದೆ. ಆದರೆ ಆಕ್ಸಿಜನ್ ಖರ್ಚಾದದ್ದು ಸುಳ್ಳಲ್ಲವಲ್ಲ?

ನಾನು: ಸುಳ್ಳಲ್ಲ. ಆದರೆ ಪೂರ್ತಿ ಖರ್ಚಾಗುವುದಿಲ್ಲ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21ರಷ್ಟು ಇರುತ್ತದೆ. ಅದು ಸುಮಾರು 16ಕ್ಕೆ ಇಳಿಯುವಷ್ಟರಲ್ಲೇ ಮೇಣದಬತ್ತಿ ಆರಿಹೋಗುತ್ತದೆ. ಇನ್ನೊಂದು ವಿಷಯ. ಮೇಣ ಉರಿದಾಗ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಮೂರು ಪಾಲು ಆಕ್ಸಿಜನ್ ಹೋದರೆ ಹೆಚ್ಚುಕಮ್ಮಿ ಎರಡು ಪಾಲು ಕಾರ್ಬನ್ ಡೈಆಕ್ಸೈಡ್ ಅಲ್ಲೇ ಬಂದು ಕೂರುತ್ತದೆ. ನೀರಿನಲ್ಲಿ ಅದು ಕರಗುವುದು ನಿಧಾನ. ಹಾಗಾಗಿ ಖಾಲಿಯಾಗುವ ಜಾಗ ಬಹಳ ಕಮ್ಮಿ. ಐದರಲ್ಲಿ ಒಂದು ಪಾಲು ನೀರು ಏರುವಷ್ಟು ಇಲ್ಲವೇ ಇಲ್ಲ.

ಚಿಕ್ಕಮ್ಮ: ಹಾಗಾದರೆ ಅಷ್ಟು ನೀರನ್ನು ಎಳೆದದ್ದು ಯಾವುದು?

ನಾನು: ಲೋಟವನ್ನು ಬತ್ತಿಯ ಮೇಲೆ ಇಳಿಸುವಾಗಲೇ ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ. ಒಂದಷ್ಟು ಹೊರಗೆ ಹೋಗಿಬಿಡುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಉರಿದಾಗ ಹುಟ್ಟಿದ ನೀರಾವಿಯೂ ಹನಿಯಾಗುತ್ತದೆ. ಒಳಗೆ ಒತ್ತಡ ಕಮ್ಮಿಯಾದಾಗ ಹೊರಗಿನ ಗಾಳಿ ತಟ್ಟೆಯ ನೀರನ್ನು ಒಳಗೆ ತಳ್ಳುತ್ತದೆ.

ಚಿಕ್ಕಮ್ಮ: ಓ, ಬಿಸಿ ಸಾರು ತುಂಬಿ ಮುಚ್ಚಿದ ಡಬ್ಬಿ ತಣ್ಣಗಾದ ಮೇಲೆ ಮುಚ್ಚಳ ಕಚ್ಚಿಕೊಳ್ಳುತ್ತದಲ್ಲ, ಹಾಗೆ!

ನಾನು: ಅದೇ ಚಿಕ್ಕಮ್ಮ. ಅಲ್ಲಿ ಬತ್ತಿಯೂ ಇಲ್ಲ, ಆಕ್ಸಿಜನ್ ಖರ್ಚೂ ಇಲ್ಲ. ಅಕ್ಕ, ಮನೆಯಲ್ಲಿ ಮೇಣದಬತ್ತಿ ಇದೆಯಾ? ಮೊದಲು ಒಂದು ಬತ್ತಿ ಇಟ್ಟು ಮಾಡು. ಆಮೇಲೆ ಅದೇ ಲೋಟ, ಅದೇ ತಟ್ಟೆ, ಮೂರು ಬತ್ತಿ. ಲೋಟದೊಳಗಿನ ಆಕ್ಸಿಜನ್ ಎರಡು ಸಲವೂ ಅಷ್ಟೇ. ದೊಡ್ಡಪ್ಪ ಹೇಳುವುದು ನಿಜವಾದರೆ ನೀರೂ ಅಷ್ಟೇ ಏರಬೇಕು. ನೋಡುವ ಮೊದಲು ಎಲ್ಲರೂ ಒಂದೊಂದು ಊಹೆ ಹಾಕಿ.

ದೊಡ್ಡಪ್ಪ: ಅಷ್ಟೇ ಏರುತ್ತದೆ.

ಚಿಕ್ಕಮ್ಮ: ಮೂರು ಬತ್ತಿಗೆ ಜಾಸ್ತಿ.

ಭಾವ: ನಾನು ಊಹಿಸಲ್ಲ, ಫೋಟೊ ಬರಲಿ.

ಅಕ್ಕ: ಮಾಡಿದೆವು. ಅರಿಶಿನದ ನೀರು ಹಾಕಿದ್ದೇವೆ, ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ. ಒಂದು ಬತ್ತಿಗೆ ಎರಡು ಬೆರಳಿಗಿಂತ ಕಮ್ಮಿ ಏರಿತು. ಮೂರು ಬತ್ತಿಗೆ ಲೋಟದ ಮೂರನೇ ಒಂದು ಪಾಲು ದಾಟಿತು! ಮೂರು ಬತ್ತಿ ಇಟ್ಟಾಗ ಲೋಟ ನೀರಿಗೆ ತಾಗಿದ ಕೂಡಲೇ ಅಂಚಿನಿಂದ ಗುಳ್ಳೆ ಬುಳುಬುಳು ಬಂತು. ಮಗಳು ಮೊದಲು ನೋಡಿದ್ದೇ ಆ ಗುಳ್ಳೆ.

ನಾನು: ಆ ಗುಳ್ಳೆಯೇ ಹೊರಗೆ ಹೋದ ಗಾಳಿ. ಅವಳಿಗೆ ನನ್ನ ಕಡೆಯಿಂದ ಶಭಾಷ್ ಹೇಳು. ಆ ವಿಡಿಯೊದಲ್ಲಿ ಕ್ಯಾಮೆರಾ ಮೇಲಿನಿಂದ ಹಿಡಿದಿದ್ದಾರೆ, ಗುಳ್ಳೆ ಕಾಣುವುದೇ ಇಲ್ಲ.

ಭಾವ: ಫೋಟೊ ನೋಡಿದೆ, ವಿಷಯ ಒಪ್ಪಿದೆ. ಆದರೂ ಒಂದು ಮಾತು. ಇದು ಮಕ್ಕಳ ವಿಡಿಯೊ. ಕೆಲಸ ಏನು? ಆಸಕ್ತಿ ಹುಟ್ಟಿಸುವುದು. ಹುಟ್ಟಿಸಿದೆ. ಸರಿಯಾದ ಕಾರಣ ಪಿಯುಸಿಗೆ ಬಂದಾಗ ಕಲಿಯುತ್ತಾರೆ. ಇಲ್ಲಿ ಕೂತು ಹುಳುಕು ಹುಡುಕಿದರೆ ಇರುವ ಉತ್ಸಾಹವೂ ಹೋಗುತ್ತದೆ.

ನಾನು: ಭಾವ, ನಮ್ಮ ವಾದ ಇರುವುದು ಇಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನೋಡಿ ಖುಷಿಪಟ್ಟರೆ ಕಲಿತ ಹಾಗೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಭೌತಶಾಸ್ತ್ರದ ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗಗಳು. ಪ್ರಯೋಗ ನೋಡದೇ ಇದ್ದವರಲ್ಲಿ ಆಮೇಲೆ ಸರಿಯಾದ ಕಾರಣ ಹೇಳಿದವರು ನೂರಕ್ಕೆ 22. ಸುಮ್ನೆ ಕೂತು ನೋಡಿದವರಲ್ಲಿ 24. ಅಂದರೆ ನೋಡಿದ್ದಕ್ಕೂ ನೋಡದೇ ಇದ್ದದ್ದಕ್ಕೂ ಹೆಚ್ಚೇನೂ ಅಂತರ ಇಲ್ಲ. ಆದರೆ 'ಏನಾಗಬಹುದು ಹೇಳಿ' ಅಂತ ಮೊದಲೇ ಕೇಳಿ, ಊಹೆ ಬರೆಸಿಕೊಂಡು, ಆಮೇಲೆ ತೋರಿಸಿದಾಗ 30. ಪಕ್ಕದವರ ಜೊತೆ ಚರ್ಚೆಯನ್ನೂ ಮಾಡಿಸಿದಾಗ 32. ಪ್ರಯೋಗ ಅದೇ. ಊಹೆಗೆ ಒಂದೆರಡು ನಿಮಿಷ, ಚರ್ಚೆಗೆ ಇನ್ನಷ್ಟು ಹೊತ್ತು ಹಿಡಿಯಿತು, ಅಷ್ಟೇ.

ಇನ್ನೊಂದು ನೇರವಾಗಿ ವಿಡಿಯೊಗಳ ಬಗ್ಗೆಯೇ. ಯೂಟ್ಯೂಬ್‌ನಲ್ಲಿ ವೆರಿಟಾಸಿಯಂ ಅನ್ನುವ ವಿಜ್ಞಾನದ ಚಾನೆಲ್ ಶುರುಮಾಡಿದ ಡೆರೆಕ್ ಮುಲ್ಲರ್ ಗೊತ್ತಲ್ಲ? ಅವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಇದರ ಮೇಲೆಯೇ. ನೀಟಾಗಿ, ಸ್ಪಷ್ಟವಾಗಿ ವಿವರಿಸಿದ ವಿಡಿಯೊ ನೋಡಿದವರು 'ಚೆನ್ನಾಗಿ ಅರ್ಥ ಆಯ್ತು' ಅಂದರು. ಪರೀಕ್ಷೆ ಮಾಡಿದರೆ ಅಂಕ ಹೆಚ್ಚಾಗಿರಲಿಲ್ಲ. ಜನರ ತಪ್ಪು ಕಲ್ಪನೆಯನ್ನು ಮೊದಲು ಮುಂದಿಟ್ಟು, ಅದು ಯಾಕೆ ಹೊಂದುವುದಿಲ್ಲ ಅಂತ ತೋರಿಸಿದ ವಿಡಿಯೊ ನೋಡಿದವರಿಗೆ ಗೊಂದಲ ಅನ್ನಿಸಿತು. ಹೆಚ್ಚು ಕಲಿತದ್ದು ಅವರೇ.

ಚಿಕ್ಕಮ್ಮ ಬೆಳಿಗ್ಗೆ 'ಅರ್ಥ ಆಯ್ತು' ಅಂತ ಬರೆದರು. ಆದರೆ ನಿಜವಾಗಿ ಅರ್ಥವಾದದ್ದು ಡಬ್ಬಿ ಮುಚ್ಚಳ ನೆನಪಾದಾಗ. ಅದು ಅವರಿಗೇ ಹೊಳೆಯಿತು, ನಾನು ಹೇಳಿಕೊಟ್ಟದ್ದಲ್ಲ. ಆಸಕ್ತಿ ಬೇಡ ಅಂತ ನಾನು ಎಲ್ಲಿ ಹೇಳಿದೆ ಭಾವ? ಮೂರು ಬತ್ತಿ ಇಟ್ಟ ಮೇಲೆ ನಿಮ್ಮ ಮಗಳ ಆಸಕ್ತಿ ಕಮ್ಮಿಯಾಯಿತಾ ಜಾಸ್ತಿಯಾಯಿತಾ, ಅವಳನ್ನೇ ಕೇಳಿ.

ಅಕ್ಕ: ಜಾಸ್ತಿ. ಈಗ ಇನ್ನೂ ದೊಡ್ಡ ಲೋಟ ಬೇಕಂತೆ.

ತಮ್ಮ: ನನ್ನ ಕಾಲೇಜು ಗುಂಪಿನಲ್ಲಿ ಇದು ಬಂದಿದೆ ನೋಡಿ. ಬಟ್ಟಲುಗಳಲ್ಲಿ ಬಣ್ಣಬಣ್ಣದ ಬೆಂಕಿ. ಮೆಥನಾಲ್ ಅನ್ನುವ ಸ್ಪಿರಿಟ್ ಹಾಕಿ, ಒಂದೊಂದು ಬಟ್ಟಲಿಗೆ ಒಂದೊಂದು ಲವಣ. ಸೈನ್ಸ್ ಡೇಗೆ ಇದನ್ನು ಮಾಡೋಣ ಅಂತ ಇದ್ದೇವೆ.

ನಾನು: ಬೇಡ. ಇದೊಂದನ್ನು ಮಾತ್ರ ಮಾಡಬೇಡಿ. ಅಮೆರಿಕದ ಶಾಲೆಗಳಲ್ಲಿ ಇದೇ ಪ್ರಯೋಗ ಮಾಡುವಾಗ ಮಕ್ಕಳು ಸುಟ್ಟುಕೊಂಡಿದ್ದಾರೆ. ರಾಸಾಯನಿಕ ಅವಘಡಗಳ ತನಿಖೆ ಮಾಡುವ ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ 2014ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಪ್ರಕಟಿಸಿದೆ. ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆರಿತು ಅಂದುಕೊಂಡು ಬಾಟಲಿಯಿಂದ ಇನ್ನಷ್ಟು ಸುರಿಯುತ್ತಾರೆ. ಆವಿಗೆ ಬೆಂಕಿ ಹತ್ತಿ ಬಾಟಲಿಯ ಬಾಯಿಂದ ಜ್ವಾಲೆ ಎದುರಿಗೆ ಕೂತವರ ಮೈಮೇಲೆ ಚಿಮ್ಮುತ್ತದೆ. ವಿಡಿಯೊದಲ್ಲಿ ಮುಂದಿನ ಬೆಂಚು ಎಷ್ಟು ಹತ್ತಿರ ಇದೆ ನೋಡು.

ಬಣ್ಣ ನೋಡಬೇಕಾದರೆ ಬೇರೆ ದಾರಿ ಇದೆ. ಮರದ ಕಡ್ಡಿಗಳನ್ನು ಬೇರೆ ಬೇರೆ ಲವಣ ಕರಗಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಲ್ಯಾಬಿನಲ್ಲಿ ನಿಮ್ಮ ಉಪನ್ಯಾಸಕರ ಎದುರು, ಬರ್ನರ್ ಜ್ವಾಲೆಗೆ ಒಂದೊಂದೇ ಹಿಡಿಯಿರಿ. ಅಡುಗೆ ಉಪ್ಪಿಗೆ ಹಳದಿ. ಚನ್ನಗಿರಿ ಕಡೆ ಅಡಿಕೆಗೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ ಮೈಲುತುತ್ತ ಹಾಕುತ್ತಾರಲ್ಲ, ಅದಕ್ಕೆ ಹಸಿರು. ಅದು ವಿಷ, ಕೈ ತೊಳೆಯದೆ ಏನೂ ತಿನ್ನಬೇಡಿ.

ತಮ್ಮ: ಸರಿ ಅಕ್ಕ. ಗುಂಪಿಗೆ ಹೇಳುತ್ತೇನೆ.

ನಾನು: ಹೇಳುವುದಷ್ಟೇ ಅಲ್ಲ, ಉಪನ್ಯಾಸಕರಿಗೂ ಇವತ್ತೇ ತಿಳಿಸು.

ದೊಡ್ಡಪ್ಪ: ಮೂರು ಬತ್ತಿ ವಿಷಯ ಯೋಚಿಸುತ್ತಾ ಕೂತಿದ್ದೆ. ನೀನು ಹೇಳಿದ್ದು ಸರಿ ಇದೆ ಪುಟ್ಟಿ. ಆದರೆ ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಕ್ಸಿಜನ್ ಅನ್ನುವುದನ್ನು ಮಕ್ಕಳಿಗೆ ತೋರಿಸುವುದಾದರೂ ಹೇಗೆ? ಆ ಮೇಷ್ಟ್ರ ಹತ್ತಿರ ಇರುವುದು ತಟ್ಟೆ ಲೋಟ ಅಷ್ಟೇ. ಇದೂ ಬೇಡ ಅಂದರೆ ಅವರು ಮತ್ತೆ ಬೋರ್ಡ್ ಮೇಲೆ ಚಿತ್ರ ಬರೆಯಬೇಕಾಗುತ್ತದೆ.

ನಾನು: ಅದಕ್ಕೂ ಖರ್ಚಿಲ್ಲದ ದಾರಿ ಇದೆ ದೊಡ್ಡಪ್ಪ. ಲೇತ್ ಅಂಗಡಿಯಲ್ಲಿ ಕಬ್ಬಿಣದ ಸಣ್ಣ ಪುಡಿ ಕೇಳಿದರೆ ಕೊಡುತ್ತಾರೆ. ಉದ್ದನೆಯ ಗಾಜಿನ ಕೊಳವೆಯ ಒಳಗೆ ನೀರು ಸವರಿ ಆ ಪುಡಿ ಉದುರಿಸಿ, ಅಂಟಿಕೊಳ್ಳುವ ಹಾಗೆ. ಕೊಳವೆಯನ್ನು ನೀರಿನ ಬಟ್ಟಲಲ್ಲಿ ಬೋರಲು ನಿಲ್ಲಿಸಿ ಒಂದೆರಡು ದಿನ ಬಿಡಿ. ಕಬ್ಬಿಣ ತುಕ್ಕು ಹಿಡಿಯುತ್ತಾ ಆಕ್ಸಿಜನ್ ತೆಗೆದುಕೊಳ್ಳುತ್ತದೆ, ಬದಲಿಗೆ ಯಾವ ಅನಿಲವನ್ನೂ ಬಿಡುವುದಿಲ್ಲ, ಬಿಸಿಯ ಆಟವೂ ಇಲ್ಲ. ನೀರು ಸುಮಾರು ಐದರಲ್ಲಿ ಒಂದು ಪಾಲು ಏರಿ ನಿಲ್ಲುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಮಾತ್ರ ಬೇಡ. ಅದಕ್ಕೆ ತುಕ್ಕು ಹಿಡಿಯಲ್ಲ, ವಾರ ಕಾದರೂ ನೀರು ಅಲ್ಲೇ ಇರುತ್ತದೆ.

ದೊಡ್ಡಪ್ಪ: ಇದನ್ನು ಆ ಮೇಷ್ಟ್ರಿಗೆ ಬರೆಯಬೇಕು. ಆದರೆ ನೋವಾಗಬಾರದು. ಎಲ್ಲರೂ ಹೊಗಳಿರುವಾಗ ಒಬ್ಬರು ತಪ್ಪು ಅಂದರೆ ಮನುಷ್ಯ ಕುಗ್ಗಿಹೋಗುತ್ತಾನೆ. ನಾನೂ ಮೇಷ್ಟ್ರಾಗಿದ್ದವನು.

ನಾನು: ನೀವೇ ಬರೆಯಿರಿ. ನಿಮ್ಮ ಮಾತಿಗೆ ತೂಕ ಜಾಸ್ತಿ. ತಪ್ಪು ಅಂತ ಬರೆಯುವುದೇ ಬೇಡ. ಮೂರು ಬತ್ತಿ ಇಟ್ಟು ಮಾಡಿದೆವು, ನೀರು ಜಾಸ್ತಿ ಏರಿತು, ನಿಮ್ಮ ಮಕ್ಕಳಿಗೆ ಇದನ್ನು ತೋರಿಸಿ ಯಾಕೆ ಅಂತ ಕೇಳುತ್ತೀರಾ ಅಂತ ಬರೆಯಿರಿ. ಅಕ್ಕ ಕಳಿಸಿದ ಫೋಟೊ ಹಾಕಿ. ಕಬ್ಬಿಣದ ಪುಡಿ ವಿಷಯವನ್ನೂ ಸೇರಿಸಿ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ಕೈಯಾರೆ ಪ್ರಯೋಗ ಮಾಡಿಸುವ ತರಬೇತಿ ಕೊಡುತ್ತಾರೆ. ಅದನ್ನೂ ತಿಳಿಸಿ, ಇಷ್ಟು ಉತ್ಸಾಹ ಇರುವವರು ಖಂಡಿತ ಹೋಗುತ್ತಾರೆ.

ದೊಡ್ಡಪ್ಪ: ಬರೆಯುತ್ತೇನೆ. ಕಳಿಸುವ ಮೊದಲು ಇಲ್ಲಿ ಹಾಕುತ್ತೇನೆ, ಓದಿ ಹೇಳು.

ಅಕ್ಕ: ಮಗಳು ಕೇಳುತ್ತಿದ್ದಾಳೆ: ಒಂದು ಉದ್ದ ಬತ್ತಿ, ಒಂದು ಗಿಡ್ಡ ಬತ್ತಿ ಇಟ್ಟು ದೊಡ್ಡ ಲೋಟ ಮುಚ್ಚಿದರೆ ಯಾವುದು ಮೊದಲು ಆರುತ್ತದೆ?

ನಾನು: ಭಾರಿ ಪ್ರಶ್ನೆ! ಉತ್ತರ ನಾನು ಹೇಳಲ್ಲ. ಎಲ್ಲರೂ ಊಹೆ ಹಾಕಿ, ಕಾರಣದ ಸಮೇತ. ಈ ಸಲ ಭಾವನೂ ಹಾಕಬೇಕು.

ದೊಡ್ಡಪ್ಪ: ಗಿಡ್ಡದ್ದು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ.

ಚಿಕ್ಕಮ್ಮ: ಉದ್ದದ್ದು. ಬಿಸಿ ಹೊಗೆ ಮೊದಲು ಮೇಲಕ್ಕೇ ಹೋಗುವುದು.

ಭಾವ: ದೊಡ್ಡಪ್ಪನ ಕಡೆ ನಾನು. ಕಾರಣ ಅವರದ್ದೇ.

ಅಕ್ಕ: ತಡೀರಿ, ಹಾರ್ಲಿಕ್ಸ್ ಬಾಟಲಿ ತೊಳೆದು ಒರೆಸುತ್ತಿದ್ದಾಳೆ.