48 ವೋಲ್ಟ್ ಸ್ಕೂಟರಿಗೆ ಐದನೆಯ ಬ್ಯಾಟರಿ: ವೇಗ ಹೆಚ್ಚೀತೇ?

ಪ್ರಶ್ನೆ:
ನನ್ನ ಬಳಿ ನೋಂದಣಿ ಬೇಕಿಲ್ಲದ ವರ್ಗದ, 250 ವ್ಯಾಟ್ ಹಬ್ ಮೋಟರಿನ (ಚಕ್ರದ ನಡುವೆಯೇ ಕೂರುವ ಮೋಟರ್) ಎಲೆಕ್ಟ್ರಿಕ್ ಸ್ಕೂಟರ್ ಇದೆ. 12 ವೋಲ್ಟಿನ ನಾಲ್ಕು ಲೆಡ್-ಆಸಿಡ್ ಬ್ಯಾಟರಿಗಳು ಸರಣಿಯಲ್ಲಿವೆ. ಹೊಸದರಲ್ಲಿ ಗಂಟೆಗೆ 25 ಕಿ.ಮೀ. ಓಡುತ್ತಿದ್ದ ಗಾಡಿ ಈಗ 20 ದಾಟುವುದೇ ಕಷ್ಟವಾಗಿದ್ದು, ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಬಸ್ಸುಗಳಿಗೆ ದಾರಿ ಬಿಡುವುದೇ ಕೆಲಸವಾಗಿದೆ. ಇನ್ನೊಂದು ಬ್ಯಾಟರಿ ಸೇರಿಸಿ 60 ವೋಲ್ಟ್ ಮಾಡಿದರೆ 40ರವರೆಗೆ ಓಡುತ್ತದೆ ಎಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ:
ಸರ್, ಇಲ್ಲಿ ಎರಡು ಸಮಸ್ಯೆಗಳು ಬೆರೆತಿವೆ. 25 ಇದ್ದದ್ದು 20ಕ್ಕೆ ಇಳಿದಿರುವುದು ದೋಷ. 25ರಿಂದ 40ಕ್ಕೆ ಏರಬೇಕೆಂಬುದು ಬಯಕೆ. ದೋಷವನ್ನು ಹಾಗೆಯೇ ಬಿಟ್ಟು ವೋಲ್ಟೇಜ್ ಏರಿಸಿದರೆ ಎರಡೂ ಕೆಡುತ್ತವೆ.

ಹಬ್ ಮೋಟರಿನ ವೇಗ ವೋಲ್ಟೇಜಿಗೆ ಅನುಗುಣವಾಗಿರುವುದರಿಂದ 48ನ್ನು 60 ಮಾಡಿದರೆ ಲೆಕ್ಕದಲ್ಲಿ ಕಾಲುಭಾಗ ಹೆಚ್ಚಿ 31 ಆದೀತೇ ಹೊರತು 40 ಆಗದು. ಅದಕ್ಕೂ ಮೊದಲು ಮೋಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್ ಬಿಚ್ಚಿ, ಒಳಗಿನ ದೊಡ್ಡ ಕೆಪಾಸಿಟರ್ ಎಷ್ಟು ವೋಲ್ಟ್ ತಾಳುತ್ತದೆ ಎಂದು ಅದರ ಮೇಲೆ ಮುದ್ರಿಸಿದ್ದನ್ನು ಓದಿ. 48 ವೋಲ್ಟಿನ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ 63 ವೋಲ್ಟಿನದು ಇರುತ್ತದೆ. ಚಾರ್ಜರ್ ತೆಗೆದ ಕೂಡಲೇ ಒಂದೊಂದು ಬ್ಯಾಟರಿಯೂ 13 ವೋಲ್ಟ್ ದಾಟಿರುತ್ತದೆ. ಐದು ಸೇರಿದರೆ 65ಕ್ಕೂ ಮೇಲೆ, ಅಂದರೆ ಕೀ ತಿರುಗಿಸಿದ ಕ್ಷಣದಲ್ಲೇ ಅದರ ಮಿತಿ ಮೀರುತ್ತದೆ. ದೀಪ, ಹಾರ್ನ್‌ಗೆ 12 ವೋಲ್ಟ್ ಕೊಡುವ ಕನ್ವರ್ಟರ್ ಮತ್ತು ಚಾರ್ಜರ್ ಕೂಡ ಬದಲಾಗಬೇಕು. ಮೆಕ್ಯಾನಿಕರು ಈ ಖರ್ಚನ್ನು ಸೇರಿಸಿ ಹೇಳಿದ್ದಾರೆಯೇ?

ಮೊದಲು ಹೀಗೆ ಪರೀಕ್ಷಿಸಿ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ನೋಡಿಕೊಂಡು ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಮೀಟರ್ ಎಷ್ಟು ತೋರಿಸುತ್ತದೆ ಎಂದು ನೋಡಿ. ಬಳಿಕ ಸೀಟಿನಡಿಯ ಬ್ಯಾಟರಿಗಳಿಗೆ ಮಲ್ಟಿಮೀಟರ್ ಹಚ್ಚಿ, ಓಡುವಾಗ ಒಂದೊಂದರ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ಅಳೆಯಿರಿ. ಅಳೆಯುವವರು ಹಿಂದೆ ಕುಳಿತಿರಲಿ.

ಪ್ರಶ್ನೆ ಕೇಳಿದವರು:
ಚಕ್ರ ಎತ್ತಿದಾಗ 25 ತೋರಿಸಿ ಅಲ್ಲೇ ನಿಂತಿತು. ರಸ್ತೆಯಲ್ಲಿ ಮೂರು ಬ್ಯಾಟರಿಗಳು 11.8ರ ಆಸುಪಾಸಿನಲ್ಲಿದ್ದರೆ ನಾಲ್ಕನೆಯದು 9.6ಕ್ಕೆ ಕುಸಿಯಿತು. ನಿಂತಾಗ ಅದೂ 12.6 ತೋರಿಸುತ್ತದೆ.

ಉತ್ತರ:
ಕಾರಣ ಅಲ್ಲೇ ಇದೆ. ಚಕ್ರಕ್ಕೆ ಹೊರೆಯಿಲ್ಲದಾಗ 25 ಬರುವುದರಿಂದ ಕಂಟ್ರೋಲರ್, ಮೋಟರ್ ಎರಡೂ ಸರಿಯಾಗಿವೆ; ಹೊರೆ ಬಿದ್ದಾಗ ಬಿದ್ದುಹೋಗುವ ಆ ಒಂದು ಬ್ಯಾಟರಿ ಇಡೀ ಸರಣಿಯ ವೋಲ್ಟೇಜನ್ನು ಎಳೆದು ಇಳಿಸುತ್ತಿದೆ. ಹಳೆಯ ಮೂರರ ಜೊತೆ ಹೊಸದೊಂದನ್ನು ಸೇರಿಸಿದರೆ ಚಾರ್ಜ್ ಸಮನಾಗದೆ ಹಳೆಯವು ಬೇಗ ಸೋಲುತ್ತವೆ. ಆದ್ದರಿಂದ ನಾಲ್ಕನ್ನೂ ಒಂದೇ ಕಂಪನಿಯ, ಒಂದೇ ತಿಂಗಳಲ್ಲಿ ತಯಾರಾದ ಸೆಟ್ಟಾಗಿ ಬದಲಾಯಿಸಿ. ಟೈರಿನ ಗಾಳಿ ಮತ್ತು ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡಿ.

ಇನ್ನು 40ರ ಮಾತು. ಸವಾರನೂ ಸೇರಿ 150 ಕೆ.ಜಿ. ಎಂದುಕೊಂಡರೆ, ಸಮತಟ್ಟು ರಸ್ತೆಯಲ್ಲಿ 25ಕ್ಕೆ ಚಕ್ರದಲ್ಲಿ ಸುಮಾರು 300 ವ್ಯಾಟ್ ಸಾಕು. 40ಕ್ಕೆ ಸುಮಾರು 800 ಬೇಕು, ಏಕೆಂದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 250 ವ್ಯಾಟ್ ಮೋಟರಿನಿಂದ ಅಷ್ಟನ್ನು ಎಡೆಬಿಡದೆ ಎಳೆದರೆ ಸುರುಳಿ ಕಾಯುತ್ತದೆ, ಒಂದು ಚಾರ್ಜಿಗೆ ಓಡುವ ದೂರವೂ ಕಡಿಮೆಯಾಗಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ನೋಂದಣಿಯಿಂದ ವಿನಾಯಿತಿ ಕೊಡುವುದು 250 ವ್ಯಾಟಿಗಿಂತ ಕಡಿಮೆ ಶಕ್ತಿ, 25 ಕಿ.ಮೀ.ಗಿಂತ ಕಡಿಮೆ ವೇಗದ ಗಾಡಿಗೆ ಮಾತ್ರ. ಮಿತಿ ಮೀರಿದ ಗಾಡಿಗೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು. ಅಪಘಾತವಾದರೆ ಪರಿಹಾರದ ಹೊರೆ ನಿಮ್ಮ ತಲೆಗೇ ಬರುತ್ತದೆ. ನಿಮಗೆ ನಿಜವಾಗಿಯೂ ಆ ಹೆದ್ದಾರಿಯಲ್ಲಿ ದಿನವೂ 40ರ ವೇಗ ಬೇಕಿದ್ದರೆ, ನೋಂದಣಿಯಾಗುವ ಸ್ಕೂಟರನ್ನೇ ನೋಡುವುದು ಲೇಸೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಸೆಟ್ ಬದಲಾಯಿಸಿದೆ. 25 ಬರುತ್ತಿದೆ, ಏರಿನಲ್ಲೂ ಮೊದಲಿನಂತೆ ಸೊರಗುವುದಿಲ್ಲ. ಐದನೆಯ ಬ್ಯಾಟರಿಯ ಯೋಚನೆ ಬಿಟ್ಟಿದ್ದೇನೆ.