ಸ್ವಿಫ್ಟ್‌ಗೆ ಆಂಪ್, ಸಬ್‌ವೂಫರ್ ಹಾಕಿಸಬೇಕು, ಹಾಕಿಸಿದವರು ಸ್ವಲ್ಪ ಹೇಳಿ

ವಿದ್ಯಾನಗರ, ದಾವಣಗೆರೆ (ಕೇಳಿದವರು):
ನಮ್ಮದು ಸ್ವಿಫ್ಟ್. ಕಂಪನಿಯ ಟಚ್ ಸ್ಕ್ರೀನ್ ಸ್ಟೀರಿಯೋನೇ ಇದೆ, ಅದನ್ನು ತೆಗೆಸುವ ಮನಸ್ಸಿಲ್ಲ. ಆದರೆ ಬೇಸ್, ಅಂದರೆ ದಪ್ಪ ಸದ್ದು, ಸಾಲುತ್ತಿಲ್ಲ. ಇಲ್ಲೇ ಒಂದು ಅಂಗಡಿಯಲ್ಲಿ ವಿಚಾರಿಸಿದೆ. 12 ಇಂಚಿನ ಸಬ್ (ಬೇಸ್‌ಗೇ ಇರುವ ಸ್ಪೀಕರ್), ಬಾಕ್ಸ್, ಆಂಪ್ (ಸ್ಪೀಕರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್), ವೈರಿಂಗ್ ಎಲ್ಲಾ ಸೇರಿ "1200 ವ್ಯಾಟ್ ಸೆಟ್, ಒಂದು ಗಂಟೆ ಕೆಲಸ ಸರ್" ಅಂದರು. ರೇಟೂ ಕಡಿಮೆ ಹೇಳಿದರು, ಅದಕ್ಕೇ ಅನುಮಾನ. ಬ್ಯಾಟರಿ ಇಳಿದುಹೋಗುತ್ತಾ? ವಾರಂಟಿ ಕಥೆ ಏನು? ಊರಿಗೆ ಹೋದಾಗಲೆಲ್ಲ ಅಕ್ಕಿ ಚೀಲ, ತೆಂಗಿನಕಾಯಿ ಡಿಕ್ಕಿಯಲ್ಲೇ ಬರಬೇಕು, ಮನೆಯವರದ್ದು ಆ ಷರತ್ತು ಬೇರೆ.

ಎಂಸಿಸಿ ಬಿ ಬ್ಲಾಕ್, ದಾವಣಗೆರೆ:
ಬ್ರದರ್, ಮೊದಲು ಆ 1200 ಅನ್ನೋದನ್ನು ಮರೆತುಬಿಡಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಮ್ಯಾಕ್ಸ್ ವ್ಯಾಟ್, ಒಂದು ಕ್ಷಣ ಮಾತ್ರ ಬರುವ ಪವರ್. ನಿಮಗೆ ಬೇಕಾದದ್ದು ಆರ್‌ಎಂಎಸ್, ಅಂದರೆ ನಿಲ್ಲದೆ ಕೊಡುವ ಪವರ್. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಎಷ್ಟೋ ಸಲ ದೊಡ್ಡ ಅಂಕಿಯ ಕಾಲು ಭಾಗವೂ ಇರುವುದಿಲ್ಲ. ನಿಮ್ಮ ಗಾಡಿಗೆ 250ರಿಂದ 300 ಆರ್‌ಎಂಎಸ್ ಧಾರಾಳವಾಗಿ ಸಾಕು. ಸ್ವಿಫ್ಟ್‌ನಲ್ಲಿ ಡಿಕ್ಕಿಗೂ ಕ್ಯಾಬಿನ್‌ಗೂ ಮಧ್ಯೆ ಗೋಡೆ ಇಲ್ಲ, ಬೇಸ್ ನೇರ ಒಳಗೇ ಬರುತ್ತದೆ. ಸೆಡಾನ್‌ನವರಿಗೆ ಈ ಅನುಕೂಲ ಇಲ್ಲ.

ನಾನು ಜಾಸ್ತಿ ಹೇಳಬೇಕಿರುವುದು ವೈರಿನ ಬಗ್ಗೆ. ಸಬ್ ಯಾವ ಕಂಪನಿದು ಅಂತ ಎಲ್ಲರೂ ಚರ್ಚೆ ಮಾಡುತ್ತಾರೆ, ವೈರ್ ಯಾವುದು ಅಂತ ಒಬ್ಬರೂ ಕೇಳುವುದಿಲ್ಲ. ಕಡಿಮೆ ರೇಟಿನ ಸೆಟ್‌ನಲ್ಲಿ ದುಡ್ಡು ಉಳಿಸುವುದೇ ಅಲ್ಲಿ. ಸೆಟ್ ಜೊತೆ ಬರುವ ಕಿಟ್‌ನಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಎಳೆ ಇರುತ್ತದೆ, ಮೇಲೆ ತೆಳ್ಳಗೆ ತಾಮ್ರ ಬಳಿದಿರುತ್ತಾರೆ. ಒಂದು ಎಳೆ ಎಳೆದು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹಾಗಂತ ಎಸೆಯಬೇಕಿಲ್ಲ, ಆದರೆ ತಾಮ್ರದಷ್ಟು ಕರೆಂಟ್ ಅದರಲ್ಲಿ ಹರಿಯುವುದಿಲ್ಲ, ಒಂದು ಸೈಜ್ ದಪ್ಪದ್ದು ಹಾಕಿಸಬೇಕು. 300 ಆರ್‌ಎಂಎಸ್‌ಗೆ ಒಳ್ಳೆ ತಾಮ್ರವಾದರೆ 8 ಗೇಜ್ ನಡೆಯುತ್ತದೆ, ಅಲ್ಯೂಮಿನಿಯಂ ಆದರೆ 4 ಗೇಜ್ ಕೇಳಿ. ಗೇಜ್ ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ, ತಲೆಕೆಳಗು ಲೆಕ್ಕ.

ಆಮೇಲೆ ಫ್ಯೂಸ್. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಇರಬೇಕು. ಆಂಪ್‌ನಲ್ಲೇ ಫ್ಯೂಸ್ ಇದೆಯಲ್ಲ ಸರ್ ಅಂತ ಅಂಗಡಿಯವರು ಹೇಳುತ್ತಾರೆ. ಅದು ಆಂಪ್‌ಗೆ. ಬ್ಯಾಟರಿ ಹತ್ತಿರದ್ದು ವೈರಿಗೆ. ಬಾನೆಟ್‌ನಿಂದ ಡಿಕ್ಕಿವರೆಗೆ ಗಾಡಿಯ ಉದ್ದಕ್ಕೂ ಹೋಗುವ ವೈರ್ ಎಲ್ಲಾದರೂ ತಗಡಿಗೆ ತಾಗಿದರೆ ಬೆಂಕಿ ತಡೆಯುವುದಕ್ಕೆ ಅದೊಂದೇ. ನಮ್ಮ ಚಿಕ್ಕಪ್ಪನ ಮಗನ ಗಾಡಿಯಲ್ಲಿ ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕಿರಲಿಲ್ಲ, ಬರಿ ತಗಡಿನ ಅಂಚಿನ ಮೇಲೆ ವೈರ್ ಕೂತಿತ್ತು. ಗಾಡಿ ಅಲುಗಾಡಿ ಅಲುಗಾಡಿ ಮೇಲಿನ ಪ್ಲಾಸ್ಟಿಕ್ ತಿಂದುಹೋಗಿ, ಹದಡಿ ರಸ್ತೆಯಲ್ಲಿ ಕಾರ್ಪೆಟ್ ಸುಟ್ಟ ವಾಸನೆ ಬಂತು. ಫ್ಯೂಸ್ ಹಾರಿತು, ಅಷ್ಟಕ್ಕೇ ಮುಗಿಯಿತು. ಫ್ಯೂಸ್ ಇಲ್ಲದಿದ್ದರೆ ಗಾಡಿನೇ ಇರುತ್ತಿರಲಿಲ್ಲ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚುತ್ತಾರಾ ಅಂತ ನೋಡಿ. ಬಿಚ್ಚದವರ ಹತ್ತಿರ ಗಾಡಿ ಬಿಡಬೇಡಿ.

ಅರ್ಥ್ ವೈರ್ ಮೊಳದುದ್ದ ಸಾಕು, ಆಂಪ್ ಪಕ್ಕದಲ್ಲೇ ಗಾಡಿಯ ತಗಡಿಗೆ ಕೂರಿಸಬೇಕು. ಪೇಂಟ್ ಪೂರ್ತಿ ಕೆರೆದು, ತಗಡು ಹೊಳೆಯಬೇಕು, ಅದರ ಮೇಲೆ ರಿಂಗ್ ಟರ್ಮಿನಲ್, ಬೋಲ್ಟ್. ಸೀಟ್ ಬೆಲ್ಟ್ ಬೋಲ್ಟ್‌ಗೆ ಸಿಕ್ಕಿಸುವವರಿದ್ದಾರೆ, ಬೇಡ ಅನ್ನಿ. ಅದನ್ನು ಬಿಚ್ಚಿ ಮುಚ್ಚುವ ಆಟ ಆಡಬಾರದು.

ಬ್ಯಾಟರಿ ವಿಷಯ: ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ನೋಡಿಕೊಳ್ಳುತ್ತದೆ. 300 ಆರ್‌ಎಂಎಸ್‌ನ ಕ್ಲಾಸ್ ಡಿ (ಕಡಿಮೆ ಕರೆಂಟ್ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ಜೋರಿನಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ, ಹಾಡು ಕೇಳುವಾಗ ಸರಾಸರಿ ಇನ್ನೂ ಎಷ್ಟೋ ಕಡಿಮೆ. ಗಾಡಿ ಆಫ್ ಮಾಡಿ ಕುಂದುವಾಡ ಕೆರೆ ಹತ್ತಿರ ಕೂತು ಹಾಡು ಹಾಕಿದರೆ ಮಾತ್ರ ಬ್ಯಾಟರಿ ಇಳಿಯುತ್ತದೆ. ಇನ್ನೊಂದು, ರಿಮೋಟ್ ವೈರ್. ಸ್ಟೀರಿಯೋ ಆನ್ ಆದಾಗ ಆಂಪನ್ನು ಎಬ್ಬಿಸುವುದು ಅದು. ಅದನ್ನು ಯಾವಾಗಲೂ ಕರೆಂಟ್ ಇರುವ ಕಡೆ ಕೊಟ್ಟರೆ ಆಂಪ್ ರಾತ್ರಿಯೆಲ್ಲ ಎದ್ದಿರುತ್ತದೆ, ಬೆಳಿಗ್ಗೆ ತಳ್ಳೋ ಗಾಡಿ.

ಚಿತ್ರದುರ್ಗ:
ಅಣ್ಣಾ, ಡಿಕ್ಕಿ ಬೇಕು ಅಂತೀರಿ, 12 ಇಂಚಿನ ಬಾಕ್ಸೂ ಅಂತೀರಿ. ಎರಡೂ ಆಗಲ್ಲ. ಸೀಟ್ ಕೆಳಗೆ ಕೂರುವ 8 ಇಂಚಿನ ಆಕ್ಟಿವ್ ಸಬ್ ನೋಡಿ, ಆಂಪ್ ಅದರೊಳಗೇ ಇರುತ್ತದೆ. ನಾನು ಅದನ್ನೇ ಹಾಕಿಸಿದ್ದೇನೆ. ಎದೆಗೆ ಬಡಿಯುವ ಬೇಸ್ ಬರಲ್ಲ, ಆದರೆ ಹೈವೇಯಲ್ಲಿ ಟೈರ್ ಸದ್ದಿಗೆ ಮುಳುಗಿಹೋಗುತ್ತಿದ್ದ ತಬಲಾ, ಡೋಲು ಈಗ ಕೇಳುತ್ತದೆ. ನನಗೆ ಅಷ್ಟು ಸಾಕು. ತಗೊಳ್ಳುವ ಮೊದಲು ಸೀಟ್ ಹಿಂದೆ ಮುಂದೆ ಸರಿಸಿ, ಕೆಳಗಿನ ಎತ್ತರ ಸ್ಕೇಲ್ ಇಟ್ಟು ಅಳೆಯಿರಿ. ಒಂದು ತೊಂದರೆ ಇದೆ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ. ಕೋಟೆ ಹತ್ತಿರ ಮಧ್ಯಾಹ್ನ ನಿಲ್ಲಿಸಿ ಬಂದು ತಕ್ಷಣ ಜೋರಾಗಿ ಹಾಕಿದರೆ ಬಿಸಿಗೆ ಆಂಪ್ ತಾನೇ ಆಫ್ ಆಗುತ್ತದೆ. ಏಸಿ ಹಾಕಿ ಸ್ವಲ್ಪ ತಣ್ಣಗಾದ ಮೇಲೆ ಮತ್ತೆ ಬರುತ್ತದೆ, ಕೆಟ್ಟಿಲ್ಲ.

ಎಂಸಿಸಿ ಬಿ ಬ್ಲಾಕ್:
ಸೀಟ್ ಕೆಳಗಿನದು ನನಗೇನೋ ಸೇರಲ್ಲ, ಅಷ್ಟು ಖರ್ಚು ಮಾಡಿ ಅರ್ಧ ಬೇಸ್. 10 ಇಂಚಿನ ಸೀಲ್ಡ್ ಬಾಕ್ಸ್ (ಗಾಳಿ ಆಡದಂತೆ ಪೂರ್ತಿ ಮುಚ್ಚಿದ್ದು) ಮಾಡಿಸಿ, ಚಿಕ್ಕದಾಗುತ್ತದೆ. ವೈರಿಗೆ ಸಾಕೆಟ್ ಹಾಕಿಸಿದರೆ ಊರಿಗೆ ಹೋಗುವ ದಿನ ಬಿಚ್ಚಿ ಮನೆಯಲ್ಲಿ ಇಟ್ಟು ಹೋಗಬಹುದು. ಆದರೆ ಅಕ್ಕಿ ಚೀಲದ ವಿಷಯದಲ್ಲಿ ಮನೆಯವರ ಮಾತೇ ಕೊನೆ ಅಲ್ವಾ, ನಾನು ಏನು ಹೇಳಲಿ.

ಹರಿಹರ:
ನಾನು ಈ ಕೆಲಸ ಮಾಡುವವನೇ, ಗಾಡಿಗಳ ವೈರಿಂಗ್. ಕಂಪನಿ ಸ್ಟೀರಿಯೋ ಉಳಿಸಿಕೊಳ್ಳುವುದಾದರೆ ಸ್ಪೀಕರ್ ಲೈನ್‌ನಿಂದಲೇ ಸಿಗ್ನಲ್ ತಗೊಳ್ಳಬೇಕು. ಹೈ ಲೆವೆಲ್ ಇನ್‌ಪುಟ್, ಅಂದರೆ ಸ್ಪೀಕರ್ ಲೈನನ್ನು ನೇರ ಕೊಡುವ ಜಾಗ, ಇರುವ ಆಂಪ್ ಕೇಳಿ. ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಗಾಡಿಗೆ ಸರಿಯಾಗಿ ಕೂರುವ ಕಪ್ಲರ್ ಸಿಗುತ್ತದೆ, ಮಧ್ಯೆ ಸಿಕ್ಕಿಸಿದರೆ ಆಯಿತು. ಕತ್ತರಿಸಿ ಟೇಪ್ ಸುತ್ತಿದ್ದು ಕಂಡರೆ ಸರ್ವಿಸ್ ಸೆಂಟರ್‌ನವರು ವಾರಂಟಿಗೆ ತಕರಾರು ಮಾಡುತ್ತಾರೆ.

ಆಂಪ್ ಮೇಲೆ ಗೇನ್ ಅಂತ ಒಂದು ತಿರುಪು ಇರುತ್ತದೆ, ಸ್ಟೀರಿಯೋ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದು ಅದು, ವಾಲ್ಯೂಮ್ ಅಲ್ಲ. ಸಬ್ ಸುಡುವುದು ಹೆಚ್ಚಾಗಿ ಗೇನ್ ಪೂರ್ತಿ ತಿರುಗಿಸಿ ಸದ್ದು ಒಡೆದಾಗಲೇ. ಮಲ್ಟಿಮೀಟರ್‌ನಲ್ಲಿ ಸೆಟ್ ಮಾಡಿಸಿ. ಸಬ್ ವೈರ್ ಬಿಚ್ಚಿ, ಸ್ಟೀರಿಯೋ ಬೇಸ್ ಸೊನ್ನೆಗೆ ತಂದು, ವಾಲ್ಯೂಮ್ ಮುಕ್ಕಾಲು ಇಟ್ಟು, ಮೊಬೈಲ್‌ನಿಂದ 50 ಹರ್ಟ್ಸ್ ಟೋನ್ ಹಾಕಬೇಕು. ಆಂಪ್‌ನ ಆರ್‌ಎಂಎಸ್ ವ್ಯಾಟನ್ನು ಸಬ್‌ನ ಓಮ್‌ನಿಂದ (ಕರೆಂಟಿಗೆ ಅದು ಒಡ್ಡುವ ತಡೆ) ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ಎಸಿ ವೋಲ್ಟ್. 4 ಓಮ್‌ಗೆ 300 ವ್ಯಾಟ್ ಆದರೆ ಸುಮಾರು 34.6 ವೋಲ್ಟ್. ಮೀಟರ್‌ನಲ್ಲಿ ಅಷ್ಟು ಬಂದ ಕೂಡಲೇ ಗೇನ್ ನಿಲ್ಲಿಸಿ. ಲೋ ಪಾಸ್ (ದಪ್ಪ ಸದ್ದನ್ನು ಮಾತ್ರ ಸಬ್‌ಗೆ ಬಿಡುವ ಸೆಟ್ಟಿಂಗ್) 80 ಹರ್ಟ್ಸ್ ಹತ್ತಿರ ಇಡಿ, ಬೇಸ್ ಬೂಸ್ಟ್ ಮುಟ್ಟಲೇಬೇಡಿ.

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ:
ವಿಮೆ ಬಗ್ಗೆ ಯಾರೂ ಹೇಳಲಿಲ್ಲ. ಹೊರಗೆ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಬೇರೆಯಾಗಿ ತೋರಿಸಬೇಕು, ಅದಕ್ಕೆ ಸ್ವಲ್ಪ ಪ್ರೀಮಿಯಂ ಜಾಸ್ತಿ. ತೋರಿಸದಿದ್ದರೆ ಕಳುವಾದಾಗ ಆ ದುಡ್ಡು ಬರುವುದಿಲ್ಲ. ಬಿಲ್ ತಗೊಳ್ಳಿ. ಬಿಲ್ ಇಲ್ಲದೆ ಕಡಿಮೆ ರೇಟಿಗೆ ಕೊಡುತ್ತೇವೆ ಅಂದರೆ ಹೂಂ ಅನ್ನಬೇಡಿ. ಇನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಮಿತಿ, ಹಗಲಲ್ಲಿ 55. ಆಸ್ಪತ್ರೆ ಸುತ್ತ 100 ಮೀಟರ್ ಸೈಲೆನ್ಸ್ ಝೋನ್. ನಮ್ಮೂರಲ್ಲಿ ಎತ್ತ ತಿರುಗಿದರೂ ಆಸ್ಪತ್ರೆ, ನೋಡಿಕೊಂಡು ಹಾಕಿ.

ವಿದ್ಯಾನಗರ (ಕೇಳಿದವರು):
ಎಲ್ಲರಿಗೂ ಥ್ಯಾಂಕ್ಸ್. ಮನೆಯವರಿಗೆ ಓದಿ ಹೇಳಿದೆ, ಸೀಟ್ ಕೆಳಗಿನದೇ ಅಂತ ತೀರ್ಮಾನ ಆಯಿತು. ಅಂಗಡಿಗೆ ಹೋಗಿ ವೈರ್ ತೋರಿಸಿ ಅಂದೆ, ಕೆರೆದರೆ ಬೆಳ್ಳಗೇ ಇತ್ತು. ತಾಮ್ರದ್ದು ತರಿಸಿಕೊಡುತ್ತೇವೆ, ಆದರೆ ರೇಟು ಬೇರೆ ಅಂದರು. ಒಪ್ಪಿಕೊಂಡೆ. ಒಂದು ಡೌಟು: ಸ್ನೇಹಿತರ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಕುಯ್ಯ್ ಅಂತ ಸದ್ದು ಬರುತ್ತದೆ. ನನಗೂ ಬರುತ್ತಾ?

ಹರಿಹರ:
ಆಲ್ಟರ್ನೇಟರ್ ಸದ್ದು ಸರ್ ಅದು. ಮೊದಲು ಅವರ ಅರ್ಥ್ ಬೋಲ್ಟ್ ಬಿಚ್ಚಿ ನೋಡಲು ಹೇಳಿ, ಕೆಳಗೆ ಪೇಂಟ್ ಇದ್ದೇ ಇರುತ್ತದೆ. ಆಮೇಲೆ ಪವರ್ ವೈರ್ ಗಾಡಿಯ ಒಂದು ಬದಿ, ಸಿಗ್ನಲ್ ವೈರ್ ಇನ್ನೊಂದು ಬದಿ ಹೋಗಬೇಕು, ಎರಡನ್ನೂ ಒಟ್ಟಿಗೆ ಕಟ್ಟಿದ್ದರೆ ಬಿಡಿಸಿ. ನಿಮ್ಮದಕ್ಕೆ ಹಾಕುವಾಗಲೇ ನಿಂತು ನೋಡಿ. ನಂಬರ್ ಪ್ಲೇಟ್ ಹಿಂದೆ ಫೋಮ್ ಟೇಪ್ ಅಂಟಿಸಿ, ಬೇಸ್‌ಗೆ ಗಡಗಡ ಅನ್ನುವುದು ಮೊದಲು ಅದೇ.