ಸಿಡಿ34 ಕೋಶಗಳಲ್ಲಿ ಸಬ್‌ಟೈಪ್ ಸಿ ದಪ್ಪ ಬ್ಯಾಂಡ್, ಬಿ ಮಸುಕು: ನಂಬಬಹುದಾ?

ಮಜ್ಜೆಮಿತ್ರ:
ನಮಸ್ಕಾರ. ಹೊಕ್ಕುಳಬಳ್ಳಿ ರಕ್ತದಿಂದ ಮ್ಯಾಗ್ನೆಟಿಕ್ ಬೀಡ್ ಬಳಸಿ ಸಿಡಿ34 ಪ್ರೊಜೆನಿಟರ್ ಕೋಶಗಳನ್ನು (ರಕ್ತಕಣಗಳು ಹುಟ್ಟುವ ಮೂಲ ಕೋಶಗಳು) ಬೇರ್ಪಡಿಸಿ, ಎಚ್‌ಐವಿ-1 ಸಬ್‌ಟೈಪ್ ಬಿ ಮತ್ತು ಸಿ ಹೋಲಿಸುತ್ತಿದ್ದೇನೆ. ಬಿ ಕಡೆಯಿಂದ ಎನ್‌ಎಲ್4-3 ಎಂಬ ಲ್ಯಾಬ್ ಕ್ಲೋನ್, ಸಿ ಕಡೆಯಿಂದ ಕೋಶದ ಒಳಹೋಗಲು ಸಿಸಿಆರ್5 ಗ್ರಾಹಕ ಬಳಸುವ ಒಂದು ಕ್ಲೋನ್. ಎರಡನ್ನೂ 293ಟಿ ಕೋಶಗಳಿಗೆ ವೈರಸ್ಸಿನ ಪ್ಲಾಸ್ಮಿಡ್ (ಉಂಗುರದಾಕಾರದ ಡಿಎನ್‌ಎ) ತುಂಬಿ, ಅಂದರೆ ಟ್ರಾನ್ಸ್‌ಫೆಕ್ಷನ್ ಮಾಡಿ, ತಯಾರಿಸಿದ್ದು. ಮೂರನೇ ದಿನ ವೈರಸ್ ಡಿಎನ್‌ಎ ಹುಡುಕಿದ ಪಿಸಿಆರ್‌ನಲ್ಲಿ ಸಿಗೆ ದಪ್ಪ ಬ್ಯಾಂಡ್, ಬಿಗೆ ಮಸುಕು. ಪಿ24 (ವೈರಸ್ಸಿನ ಪ್ರೋಟೀನ್) ಮಾತ್ರ ಎರಡರಲ್ಲೂ ತಳದಲ್ಲೇ ಇದೆ. ಸಿ ಈ ಕೋಶಗಳಿಗೆ ಸೋಂಕು ತರುತ್ತದೆ, ರಕ್ತಹೀನತೆಗೂ ಅದಕ್ಕೂ ನಂಟಿದೆ ಅಂತ 2007ರ ಬೋಟ್ಸ್ವಾನಾ ಅಧ್ಯಯನ ಹೇಳಿತ್ತಲ್ಲ, ಅದೇ ಇದಾ?

ಪಿಪೆಟ್‌ಪುರಾಣ:
ಬ್ಯಾಂಡ್ ಇದೆ, ಪಿ24 ಇಲ್ಲ ಅಂದ್ರೆ ನನಗೆ ಮೊದಲ ಅನುಮಾನ ಪ್ಲಾಸ್ಮಿಡ್ ಮೇಲೆ. ಟ್ರಾನ್ಸ್‌ಫೆಕ್ಷನ್ನಿನ ಡಿಎನ್‌ಎ ವೈರಸ್ ಜೊತೆಗೇ ಬಂದುಬಿಡುತ್ತೆ. ಅದನ್ನು ಕತ್ತರಿಸೋ ಡಿಎನ್‌ಏಸ್ ಹಾಕಿದ್ರಾ? ಒಂದು ವೆಲ್‌ಗೆ ಸೋಂಕಿಗೆ ಮುಂಚೆಯೇ ಎಫಾವಿರೆಂಜ್ (ವೈರಸ್ ತನ್ನ ಡಿಎನ್‌ಎ ತಯಾರಿಸೋದನ್ನು ತಡೆಯೋ ಔಷಧ) ಕೊಟ್ಟು ನೋಡಿ. ಆಗಲೂ ಬ್ಯಾಂಡ್ ಹಾಗೇ ಉಳಿದರೆ ಅದು ಸೋಂಕಲ್ಲ, ಕೊಳೆ. ಅದೇ ಕೆಲಸ ಮಾಡೋ ಎಝಡ್‌ಟಿ ಬೇಡ ಮಾರಾಯ್ರೆ, ಮುಂದೆ ಕಾಲೊನಿ ಎಣಿಸೋದಿದ್ದರೆ ಅದೇ ಎರಿಥ್ರಾಯ್ಡ್ (ಕೆಂಪು ರಕ್ತಕಣದ) ಪ್ರೊಜೆನಿಟರ್‌ಗಳನ್ನು ಹೊಡೆದುಹಾಕುತ್ತೆ.

ಸೀರಂಶೂನ್ಯ:
ಪ್ಲಾಸ್ಮಿಡ್ ವಿಚಾರ ಸರಿ. ಆದರೆ ಇಲ್ಲಿ ಪ್ರಯೋಗದ ಜೋಡಿಯೇ ಸರಿಯಿಲ್ಲ. ಎನ್‌ಎಲ್4-3 ಒಳಹೋಗೋದು ಸಿಎಕ್ಸ್‌ಸಿಆರ್4 ಎಂಬ ಬೇರೆ ಗ್ರಾಹಕದ ಮೂಲಕ, ನಿಮ್ಮ ಸಿ ಕ್ಲೋನ್ ಸಿಸಿಆರ್5 ಮೂಲಕ. ನೀವು ಸಬ್‌ಟೈಪ್ ಹೋಲಿಸುತ್ತಿಲ್ಲ, ಬಾಗಿಲು ಹೋಲಿಸುತ್ತಿದ್ದೀರಿ. ಸಿಡಿ34 ಅನ್ನೋದೂ ಒಂದೇ ಬಗೆಯ ಕೋಶವಲ್ಲ: ತೀರಾ ಎಳೆಯ, ಬಹುಶಕ್ತ ಕೋಶಗಳಿಗೆ ಸಿಎಕ್ಸ್‌ಸಿಆರ್4 ವೈರಸ್‌ಗಳೇ ಹೋಗುತ್ತವೆ ಅಂತ 2011ರಲ್ಲಿ ಮಿಷಿಗನ್ ಗುಂಪು ತೋರಿಸಿತ್ತು.

ಬಿಗೆ ಬಾಲ್ ಎಂಬ ತಳಿಯ ಹೊದಿಕೆ ತೊಗೊಳ್ಳಿ, ಸಿಸಿಆರ್5 ಬಗೆಯದು. ಜೊತೆಗೆ ಎರಡೂ ಬೆನ್ನೆಲುಬುಗಳಿಗೆ ವಿಎಸ್‌ವಿ-ಜಿ (ಈ ಎರಡೂ ಬಾಗಿಲು ಬೇಡದ, ಬೇರೊಂದು ವೈರಸ್ಸಿನ ಹೊದಿಕೆ) ಹೊದಿಸಿದ ಒಂದು ಸೆಟ್. ಅಲ್ಲೂ ಸಿ ಮುಂದಿದ್ದರೆ ವ್ಯತ್ಯಾಸ ಒಳಹೋದ ಮೇಲಿನದು. ಸಿಯ ಎಲ್‌ಟಿಆರ್‌ನಲ್ಲಿ (ವೈರಸ್ ಜೀನುಗಳನ್ನು ಚಾಲೂ ಮಾಡುವ ಭಾಗ) ಸಾಮಾನ್ಯವಾಗಿ ಎನ್‌ಎಫ್-ಕಪ್ಪಾಬಿ ಪ್ರೋಟೀನ್ ಅಂಟುವ 3 ತಾಣ, ಬಿಯಲ್ಲಿ 2, ಅಲ್ಲಿಂದ ಹುಡುಕಾಟ ಶುರುಮಾಡಬಹುದು.

ಸಿಡಿ3 (ಟಿ ಕೋಶದ ಗುರುತು), ಸಿಡಿ14 (ಮೊನೊಸೈಟ್ ಗುರುತು) ಹಾಕಿ ಫ್ಲೋ ಸೈಟೊಮೆಟ್ರಿನೂ ಮಾಡಿ. ಪ್ರೊಜೆನಿಟರ್‌ಗಳಲ್ಲಿ ವೈರಸ್ ಮೊದಲು ಅಂಟುವ ಸಿಡಿ4 ಕಡಿಮೆ, ಹಾಗಾಗಿ ನುಸುಳಿಕೊಂಡ ನಾಲ್ಕು ಟಿ ಕೋಶಗಳೇ ಪಿಸಿಆರ್ ತುಂಬಿಸಿಬಿಡುತ್ತವೆ. ಎಚ್‌ಐವಿ ಚಿಕಿತ್ಸೆಯಲ್ಲಿರುವ ಬಹುತೇಕರ ಶುದ್ಧ ಸಿಡಿ34 ಕೋಶಗಳಲ್ಲಿ ವೈರಸ್ ಡಿಎನ್‌ಎ ಸಿಗಲಿಲ್ಲ ಅಂತ 2012ರಲ್ಲಿ ಬಂದ ವರದಿಯ ತಕರಾರೂ ಇದೇ ಶುದ್ಧತೆಯದು.

ಮಜ್ಜೆಮಿತ್ರ:
ಎಫಾವಿರೆಂಜ್ ಕೊಟ್ಟ ವೆಲ್‌ನಲ್ಲೂ ದಪ್ಪ ಬ್ಯಾಂಡ್ ಹಾಗೇ ಬಂತು! ಡಿಎನ್‌ಏಸ್ ಹಾಕಿದ ಸ್ಟಾಕ್‌ನಲ್ಲಿ ಸಿ ತೆಳುವಾಯ್ತು, ಅದಕ್ಕೆ ಎಫಾವಿರೆಂಜ್ ಸೇರಿಸಿದರೆ ಪೂರ್ತಿ ಮಾಯ. ಅಂದರೆ ಆ ತೆಳು ಬ್ಯಾಂಡ್ ನಿಜದ್ದು. ಬಾಲ್ ಹೊದಿಕೆಯ ವೈರಸ್ ಈಗ ತಯಾರಿಸುತ್ತಿದ್ದೇನೆ. ಎರಡು ಸ್ಟಾಕನ್ನೂ ಪಿ24 ಲೆಕ್ಕದಲ್ಲಿ ಸಮ ಮಾಡಿದರೆ ಸಾಕಾ?

ಪಿಪೆಟ್‌ಪುರಾಣ:
ಸಾಲದು. ಪಿ24 ಸೋಂಕು ತಾರದ ಕಣಗಳನ್ನೂ ಎಣಿಸುತ್ತೆ. ಟಿಝಡ್‌ಎಂ-ಬಿಎಲ್ ಕೋಶಗಳಲ್ಲಿ ಟೈಟರ್ ಹಾಕಿ (ಸೋಂಕು ತರುವ ಕಣಗಳ ಲೆಕ್ಕ), ಅದರ ಲೆಕ್ಕದಲ್ಲಿ ಸಮ ಮಾಡಿ. ಒಂದು ವೆಲ್‌ಗೆ ಸಿಸಿಆರ್5 ಮುಚ್ಚೋ ಔಷಧ ಮರಾವಿರಾಕ್ ಕೊಡೋದು ಮರೀಬೇಡಿ, ಒಳಗೆ ಹೋಗಿದ್ದು ಸಿಸಿಆರ್5 ಮೂಲಕವೇ ಅಂತ ಅದರಿಂದ ಖಾತ್ರಿಯಾಗುತ್ತೆ.